ಸಣ್ಣ ಊರಿನ ವಿಮಾನ ಯಾಕೆ ಪದೇ ಪದೇ ನಿಂತುಹೋಗುತ್ತದೆ?

ಹೊಸ ಟರ್ಮಿನಲ್ ಉದ್ಘಾಟನೆಯಾಗುತ್ತದೆ. ಮೊದಲ ವಿಮಾನಕ್ಕೆ ನೀರು ಚಿಮ್ಮಿಸಿ ಸ್ವಾಗತ ಸಿಗುತ್ತದೆ. ಕೆಲವು ತಿಂಗಳಲ್ಲಿ ದಿನಾ ಇದ್ದ ಹಾರಾಟ ವಾರಕ್ಕೆ ಮೂರಾಗುತ್ತದೆ, ಆಮೇಲೆ ಒಂದು ದಿನ ವೇಳಾಪಟ್ಟಿಯಿಂದಲೇ ಕಾಣೆಯಾಗುತ್ತದೆ. 'ಜನ ಬರಲಿಲ್ಲ' ಎಂದು ಕಾರಣ ಕೊಟ್ಟು ಕಡತ ಮುಚ್ಚುತ್ತಾರೆ. ಅಷ್ಟು ಸುಲಭದ ವಿಷಯ ಇದಲ್ಲ.

ಒಂದು ಕಾಲದಲ್ಲಿ ಈ ಸಮಸ್ಯೆ ಟಿಕೆಟ್ ದರದೊಳಗೇ ಅಡಗಿತ್ತು. ಅಮೆರಿಕದಲ್ಲಿ 1938ರಿಂದ ಯಾವ ಕಂಪನಿ ಎಲ್ಲಿ ಹಾರಬೇಕು, ಎಷ್ಟು ದರ ಪಡೆಯಬೇಕು ಎಂಬುದನ್ನು ಸರ್ಕಾರಿ ಮಂಡಳಿಯೇ ತೀರ್ಮಾನಿಸುತ್ತಿತ್ತು. ದೊಡ್ಡ ಮಾರ್ಗದ ಲಾಭ ಸಣ್ಣ ಮಾರ್ಗದ ನಷ್ಟವನ್ನು ತುಂಬುತ್ತಿತ್ತು. 1978ರಲ್ಲಿ ಆ ನಿಯಂತ್ರಣ ತೆಗೆದರು. ಸಣ್ಣ ಊರುಗಳು ಒಮ್ಮೆಲೇ ಸೇವೆ ಕಳೆದುಕೊಳ್ಳಬಾರದೆಂದು ಅದೇ ಕಾನೂನಿನಲ್ಲಿ 10 ವರ್ಷದ ಸಬ್ಸಿಡಿ ಯೋಜನೆಯೊಂದನ್ನು ಸೇರಿಸಿದರು. 10 ವರ್ಷವಾದ ಮೇಲೂ ಅದನ್ನು ನಿಲ್ಲಿಸಲಾಗಲಿಲ್ಲ. 1996ರಲ್ಲಿ ಕಾಯಂ ಮಾಡಿದರು, ಇವತ್ತಿಗೂ ನಡೆಯುತ್ತಿದೆ. ಯುರೋಪ್ 1992ರಲ್ಲಿ ಮಾರುಕಟ್ಟೆ ತೆರೆಯುವಾಗಲೇ, ಅಗತ್ಯವಿರುವ ಮಾರ್ಗವನ್ನು ಟೆಂಡರ್ ಕರೆದು ಹಣ ಕೊಟ್ಟು ನಡೆಸಲು ಅವಕಾಶ ಇಟ್ಟುಕೊಂಡಿತು.

ಈ ಹಣ ಯಾಕೆ ಬೇಕಾಗುತ್ತದೆ ಎಂದು ತಿಳಿಯಬೇಕಾದರೆ ಒಂದು ವಿಮಾನದ ದಿನಚರಿ ನೋಡಬೇಕು. 70 ಸೀಟಿರಲಿ, 180 ಸೀಟಿರಲಿ, ಪೈಲಟ್‌ಗಳು ಇಬ್ಬರು ಬೇಕೇ ಬೇಕು. ತಪಾಸಣೆ ಮಾಡುವ ಎಂಜಿನಿಯರ್, ಬಿಡಿಭಾಗಗಳ ದಾಸ್ತಾನು, ತರಬೇತಿ, ಬುಕಿಂಗ್ ವ್ಯವಸ್ಥೆ ಯಾವುದನ್ನೂ ಬಿಡುವಂತಿಲ್ಲ. ದೊಡ್ಡ ಜೆಟ್‌ನಲ್ಲಿ ಈ ಖರ್ಚು 180 ಜನರಿಗೆ ಹಂಚಿಹೋಗುತ್ತದೆ, ಸಣ್ಣದರಲ್ಲಿ 70 ಜನರಿಗೆ. ಅದೂ ಎಲ್ಲ ಸೀಟು ತುಂಬಿದರೆ ಮಾತ್ರ. ಒಟ್ಟು ಹಾರಾಟದ ಖರ್ಚು ಸಣ್ಣ ವಿಮಾನದಲ್ಲಿ ಕಡಿಮೆ, ಒಂದೊಂದು ಸೀಟಿನ ಖರ್ಚು ಮಾತ್ರ ಜಾಸ್ತಿ. ಮುಕ್ಕಾಲು ಗಂಟೆಯ ಹಾರಾಟದ ಟಿಕೆಟ್ ಕೆಲವೊಮ್ಮೆ ಎರಡು ಗಂಟೆಯದಕ್ಕಿಂತ ದುಬಾರಿಯಾಗುವುದು ಇದರಿಂದಲೇ. ಚಕ್ರ, ಬ್ರೇಕ್, ಲ್ಯಾಂಡಿಂಗ್ ಗೇರ್ ಸವೆಯುವುದು ಎಷ್ಟು ದೂರ ಹಾರಿತು ಎಂಬುದರಿಂದ ಅಲ್ಲ, ಎಷ್ಟು ಸಲ ಇಳಿಯಿತು ಎಂಬುದರಿಂದ. ಹತ್ತಿರದ ಊರುಗಳ ನಡುವೆ ಓಡಾಡುವ ವಿಮಾನ ದಿನವಿಡೀ ಏರಿಳಿಯುತ್ತಲೇ ಇರುತ್ತದೆ, ಅಲ್ವಾ?

ಇನ್ನು ವೇಳೆ. ನನ್ನ ಪ್ರಕಾರ ಅಸಲಿ ಪೆಟ್ಟು ಬೀಳುವುದು ಇಲ್ಲೇ. ವಿಮಾನ ರಾತ್ರಿ ನಿಲ್ಲುವುದು ದೊಡ್ಡ ಊರಲ್ಲಿ. ಬೆಳಗಿನ ಒಳ್ಳೆಯ ವೇಳೆಯನ್ನು ಲಾಭದ ಮಾರ್ಗಕ್ಕೆ ಕೊಟ್ಟು, ಮಧ್ಯಾಹ್ನ ಹನ್ನೊಂದಕ್ಕೋ ಹನ್ನೆರಡಕ್ಕೋ ಸಣ್ಣ ಊರಿಗೆ ಬರುತ್ತದೆ. ಅರ್ಧ ಗಂಟೆಯಲ್ಲಿ ವಾಪಸ್. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ರಾತ್ರಿ ಮನೆ ಸೇರಬೇಕಾದವನಿಗೆ ಅದು ಉಪಯೋಗಕ್ಕೆ ಬರುವುದಿಲ್ಲ. ಹೆಚ್ಚು ದರ ಕೊಡಲು ತಯಾರಿರುವ ಗಿರಾಕಿಯೂ ಅವನೇ! ಸಣ್ಣ ಊರಲ್ಲೇ ವಿಮಾನ ರಾತ್ರಿ ಉಳಿಯಲಿ ಎಂದರೆ ಸಿಬ್ಬಂದಿಗೆ ವಸತಿ, ಅಲ್ಲೊಬ್ಬ ಎಂಜಿನಿಯರ್, ರಾತ್ರಿ ಕಾವಲು, ಎಲ್ಲದಕ್ಕೂ ಬೇರೆ ಖರ್ಚು. ರನ್‌ವೇಗೆ ದೀಪ ಇಲ್ಲದಿದ್ದರೆ ಸೂರ್ಯ ಮುಳುಗಿದ ಮೇಲೆ ಇಳಿಯುವಂತೆಯೇ ಇಲ್ಲ. ಉಪಕರಣದ ನೆರವಿಲ್ಲದೆ ಕಣ್ಣಳತೆಯಲ್ಲಿ ಇಳಿಯಬೇಕಾದ ಕಡೆ ಸಾಮಾನ್ಯವಾಗಿ 5 ಕಿ.ಮೀ. ದೂರದವರೆಗೆ ಕಾಣಬೇಕು. ಒಂದು ಬೆಳಿಗ್ಗೆ ಮಂಜು ಕವಿದರೆ ಅದೇ ವಿಮಾನದ ಮುಂದಿನ ಎಲ್ಲ ಹಾರಾಟಗಳೂ ತಡ. ಮೂರೇ ವಿಮಾನ ಇರುವ ಕಂಪನಿಗೆ ಬದಲಿ ವಿಮಾನ ಎಲ್ಲಿಂದ ಬರಬೇಕು? ಎರಡು ಸಲ ರದ್ದಾದರೆ ಜನ ರಸ್ತೆಯನ್ನೇ ನಂಬುತ್ತಾರೆ. ಅಂಥವರನ್ನು 'ಬೇಡಿಕೆ ಇಲ್ಲ' ಎಂಬ ಖಾತೆಗೆ ಸೇರಿಸುವುದು ನ್ಯಾಯವಲ್ಲ.

ಒಂದು ವೇಳೆ ಮಾರ್ಗ ಕೈಹಿಡಿದರೂ ನೆಮ್ಮದಿ ಇಲ್ಲ. ಸೀಟು ತುಂಬುತ್ತಿವೆ ಎಂದು ಗೊತ್ತಾದ ಕೂಡಲೇ ದೊಡ್ಡ ಜೆಟ್ ಇಟ್ಟುಕೊಂಡವರು ಕಡಿಮೆ ದರದಲ್ಲಿ ಬರುತ್ತಾರೆ. ಮಾರ್ಗ ಬೆಳೆಸಿದವರು ಹೊರಗೆ.

1990ರ ದಶಕದಲ್ಲಿ 50 ಸೀಟಿನ ಜೆಟ್‌ಗಳು ಸಣ್ಣ ಮಾರ್ಗಗಳ ತೊಂದರೆಗೆ ಪರಿಹಾರವೆಂಬಂತೆ ಬಂದವು. 2008ರಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದಾಗ ಅವುಗಳ ಲೆಕ್ಕ ಕೆಟ್ಟಿತು. 2009ರಲ್ಲಿ ಅಮೆರಿಕದ ಬಫಲೋ ಬಳಿ ಪ್ರಾದೇಶಿಕ ವಿಮಾನವೊಂದು ಬಿದ್ದ ಮೇಲೆ, ಪೈಲಟ್‌ಗೆ ಸಾಮಾನ್ಯವಾಗಿ 1,500 ಗಂಟೆಗಳ ಅನುಭವ ಇರಬೇಕೆಂಬ ನಿಯಮ 2013ರಲ್ಲಿ ಜಾರಿಗೆ ಬಂತು. ಸಣ್ಣ ಕಂಪನಿಗಳಿಗೆ ಪೈಲಟ್ ಸಿಗುವುದೂ ಕಷ್ಟವಾಯಿತು. ಸಿಕ್ಕವರನ್ನು ದೊಡ್ಡ ಕಂಪನಿಗಳು ಕರೆದುಕೊಂಡವು. ಬ್ರಿಟನ್ನಿನ ಪ್ರಾದೇಶಿಕ ವಿಮಾನ ಕಂಪನಿ ಫ್ಲೈಬಿ 2020ರ ಮಾರ್ಚ್‌ನಲ್ಲಿ ಮುಚ್ಚಿತು. 2022ರಲ್ಲಿ ಮತ್ತೆ ಹಾರಿ, 2023ರ ಜನವರಿಯಲ್ಲಿ ಪೂರ್ತಿ ನಿಂತಿತು. ಆಸ್ಟ್ರೇಲಿಯಾದ ರೆಕ್ಸ್ 2021ರಲ್ಲಿ ರಾಜ್ಯಗಳ ರಾಜಧಾನಿಗಳ ನಡುವೆ ಬೋಯಿಂಗ್ 737 ಜೆಟ್ ಹಾರಿಸಲು ಹೋಗಿ, 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಯ ಆಡಳಿತಾಧಿಕಾರಿಗಳ ಕೈಸೇರಿತು. ಜೆಟ್ ಸೇವೆ ನಿಂತಿತು. ಹಳೆಯ ಸಾಬ್ 340 ವಿಮಾನಗಳ ಸಣ್ಣ ಮಾರ್ಗಗಳು ಮಾತ್ರ ಮುಂದುವರಿದವು.

ಸಣ್ಣ ಊರುಗಳಿಗೆ ವಿಮಾನ ಸೇವೆ ಕೊಡುವ ಭಾರತದ ಉಡಾನ್ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿತು. ನಷ್ಟ ತುಂಬಿಕೊಡುವ ಹಣ 3 ವರ್ಷಕ್ಕೆ. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ 2023ರಲ್ಲಿ ಕೊಟ್ಟ ವರದಿಯ ಪ್ರಕಾರ, ಪರಿಶೀಲಿಸಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ 3 ವರ್ಷ ಪೂರೈಸಿದ್ದು 112. ಆ ಅವಧಿ ಮುಗಿದ ಮೇಲೂ ಉಳಿದದ್ದು 54. ಶುರುವಾಗದ ಮಾರ್ಗಗಳಲ್ಲಿ ಹಲವಕ್ಕೆ ನಿಲ್ದಾಣವೇ ಸಿದ್ಧವಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಜನರಿಗೆ ವಿಮಾನದ ಅಭ್ಯಾಸ ಹತ್ತುವ ಹೊತ್ತಿಗೆ 3 ವರ್ಷ ಮುಗಿದಿರುತ್ತದೆ.

ನಾರ್ವೆ ಬೇರೆ ದಾರಿ ಹಿಡಿಯಿತು. ಅಲ್ಲಿ 1968ರಿಂದ ಸುಮಾರು 800 ಮೀಟರ್ ಉದ್ದದ ರನ್‌ವೇಗಳ ಸಾಲನ್ನೇ ಕಟ್ಟಿದರು. ಇವು ತಾವಾಗಿಯೇ ಲಾಭ ಮಾಡಲಿ ಎಂದು ಕಾಯುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಟೆಂಡರ್ ಕರೆಯುತ್ತಾರೆ, ಅವಧಿ ಮುಗಿದರೆ ಮತ್ತೆ ಕರೆಯುತ್ತಾರೆ. ದಿನಕ್ಕೆ ಎಷ್ಟು ಹಾರಾಟ, ಎಷ್ಟು ಸೀಟು, ಗರಿಷ್ಠ ದರ ಎಷ್ಟು ಎಂಬುದೆಲ್ಲ ಷರತ್ತಿನಲ್ಲೇ ಇರುತ್ತದೆ. ಹಣ ಕೊಡುವವರೇ ವೇಳಾಪಟ್ಟಿಯನ್ನೂ ಕೇಳಿ ಪಡೆಯುವುದು ನನಗೆ ಸರಿ ಅನ್ನಿಸುತ್ತದೆ.

ಅಲ್ಲೀಗ ಇನ್ನೊಂದು ತೊಡಕು ಎದ್ದಿದೆ. ಆ ರನ್‌ವೇಗಳಲ್ಲಿ ಇಳಿಯುವ 39 ಸೀಟಿನ ಡ್ಯಾಶ್ 8 ವಿಮಾನಗಳಿಗೆ ವಯಸ್ಸಾಗಿದೆ, ಅಂಥವನ್ನು ಈಗ ಯಾರೂ ತಯಾರಿಸುವುದಿಲ್ಲ. 800 ಮೀಟರ್‌ನಲ್ಲೇ ಏರಿಳಿಯುವ ಹೊಸ ಮಾದರಿಯೊಂದನ್ನು ವಿಮಾನ ತಯಾರಿಸುವ ಎಟಿಆರ್ ಕಂಪನಿ 2019ರಲ್ಲಿ ಶುರು ಮಾಡಿತ್ತು. ಕೊಳ್ಳುವವರು ಸಾಲದೆ 2024ರ ನವೆಂಬರ್‌ನಲ್ಲಿ ಅದನ್ನು ಕೈಬಿಟ್ಟಿತು. ಹಾಗಾಗಿ ಸದ್ಯಕ್ಕೆ ಉಳಿದಿರುವುದು ಎರಡೇ ದಾರಿ: ಹಳೆಯ ವಿಮಾನವನ್ನೇ ರಿಪೇರಿ ಮಾಡುತ್ತಾ ಹಾರಿಸುವುದು, ಇಲ್ಲವೇ ರನ್‌ವೇ ಉದ್ದ ಮಾಡುವುದು.