ಹೂ ಮುಡಿಯುವುದಕ್ಕೆ ಕ್ಯಾಂಟನೀಸ್‌ನಲ್ಲಿ ಏನನ್ನುತ್ತಾರೆ?

ಸೀರೆ ಉಡುತ್ತೇವೆ, ಒಡವೆ ತೊಡುತ್ತೇವೆ, ಶಾಲು ಹೊದೆಯುತ್ತೇವೆ, ಹೂ ಮುಡಿಯುತ್ತೇವೆ. ಈ ಕೊನೆಯ ಮಾತು ನನಗೆ ಬಲು ಪ್ರೀತಿಯದು. ಮುಡಿ ಎಂದರೆ ಕೂದಲ ಗಂಟೂ ಹೌದು, ಅದಕ್ಕೆ ಹೂವಿಡುವ ಕೆಲಸವೂ ಹೌದು. ಹಾಂಗ್‌ಕಾಂಗ್, ಗ್ವಾಂಗ್‌ಝೌ ಕಡೆಯ ಕ್ಯಾಂಟನೀಸ್ ಮಾತಿನಲ್ಲಿ ಈ ಕೆಲಸ ಯಾವ ಕ್ರಿಯಾಪದದ ಪಾಲಿಗೆ ಬಂದಿದೆ?

ಅಲ್ಲಿ ಧರಿಸುವುದಕ್ಕೆ ಮುಖ್ಯವಾಗಿ ಎರಡು ಮಾತು. ಅಂಗಿ, ಪ್ಯಾಂಟು, ಚಪ್ಪಲಿಗೆ 'ತ್ಸೋಕ್'. ಟೋಪಿ, ಕನ್ನಡಕ, ಉಂಗುರ, ಕೈಗಡಿಯಾರಕ್ಕೆ 'ದಾಯ್'. ಗಡಿ ಎಲ್ಲಿದೆ ನೋಡಿ: ಕಾಲುಚೀಲಕ್ಕೆ ತ್ಸೋಕ್, ಕೈಗವಸಿಗೆ ದಾಯ್! ಎರಡೂ ಬೆರಳು ಮುಚ್ಚುವ ಚೀಲಗಳೇ. ಆದರೆ ಕಳಚುವಾಗ ಈ ಭೇದವೇ ಇಲ್ಲ. ಅಂಗಿಗೂ ಟೋಪಿಗೂ ಉಂಗುರಕ್ಕೂ ಒಂದೇ 'ಛೋಯ್'.

ಹೂವು ಟೋಪಿಯ ಗುಂಪಿಗೆ ಸೇರುತ್ತದೆ: 'ದಾಯ್ ಫಾ'. ಫಾ ಎಂದರೆ ಹೂ. ಇಲ್ಲಿ ಕಿವಿ ಚುರುಕಾಗಿರಬೇಕು. ಕ್ಯಾಂಟನೀಸ್‌ನಲ್ಲಿ ಸ್ವರದ ಏರಿಳಿತವೇ ಅರ್ಥ ಬದಲಿಸುತ್ತದೆ, ಅಂಥ ಆರು ಸ್ವರಗಳಿವೆ. ದಾಯ್ ಅನ್ನು ಮಧ್ಯಮ ಮಟ್ಟದಲ್ಲಿ ಹೇಳಿದರೆ 'ಹೂ ಧರಿಸು'. ತುಸು ತಗ್ಗಿಸಿ ಹೇಳಿದರೆ 'ದೊಡ್ಡ ಹೂ'. ಚೀನೀ ಲಿಪಿಯಲ್ಲಿ ಬರೆಯುವ ಅಕ್ಷರ ಬೇರೆ, ಅರ್ಥ ಬೇರೆ, ನಾಲಿಗೆಯ ಚಲನೆ ಮಾತ್ರ ಒಂದೇ.

ಸಿಕ್ಕಿಸುವ ಕ್ರಿಯೆಯೇ ಮುಖ್ಯವಾದರೆ 'ಛಾಪ್'. ಹೂದಾನಿಗೆ ಹೂ ಜೋಡಿಸುವುದಕ್ಕೂ, ಊದುಬತ್ತಿ ನೆಡುವುದಕ್ಕೂ ಇದೇ ಮಾತು.

ನಮ್ಮ 'ಮುಡಿ'ಗೆ ಹತ್ತಿರ ಬರುವುದು 'ತ್ಸಾಮ್ ಫಾ'. ತ್ಸಾಮ್ ಎಂದರೆ ತುರುಬಿನ ಕಡ್ಡಿ. ಅದೇ ಕ್ರಿಯಾಪದವೂ ಆಗುತ್ತದೆ. ಮುಡಿಯ ಹಾಗೆಯೇ ತಲೆಗೆ ಸೇರಿದ ನಾಮಪದವೊಂದು ಕೆಲಸದ ಹೆಸರೂ ಆಗಿರುವುದು ನನಗೆ ತುಂಬ ಹಿಡಿಸಿತು. ಚೀನಾದ ಸುಂಗ್ ರಾಜವಂಶದ ಕಾಲದಲ್ಲಿ (960–1279) ಗಂಡಸರೂ ತಲೆಗೆ ಹೂ ಸಿಕ್ಕಿಸುತ್ತಿದ್ದರು. ಔತಣಗಳಲ್ಲಿ ಚಕ್ರವರ್ತಿಯೇ ಅಧಿಕಾರಿಗಳಿಗೆ ಹೂ ಕೊಡಿಸುತ್ತಿದ್ದ. 'ತ್ಸಾಮ್ ಫಾ ಗ್ವಾ ಹುಂಗ್', ಅಂದರೆ 'ಹೂ ಸಿಕ್ಕಿಸಿ ಕೆಂಪು ವಸ್ತ್ರ ಹಾಕು' ಎಂಬ ನುಡಿ ಕ್ಯಾಂಟನೀಸರ ಶುಭಕಾರ್ಯಗಳಲ್ಲಿ ಇಂದಿಗೂ ಇದೆ. ದೇವರ ಮೂರ್ತಿಗೂ ಹೀಗೆ ಮಾಡುತ್ತಾರೆ.

ಬಣ್ಣದ ವಿಷಯ ಮಾತ್ರ ನಮಗಿಂತ ಬೇರೆ. ಮಲ್ಲಿಗೆಯ ಬಿಳುಪು ನಮಗೆ ಮಂಗಳ. ಅಲ್ಲಿ ಹೆಂಗಸಿನ ಕೂದಲಲ್ಲಿ ಉಣ್ಣೆ ನೂಲಿನ ಪುಟ್ಟ ಬಿಳಿ ಹೂ ಕಂಡರೆ ಮನೆಯಲ್ಲಿ ಸಾವಾಗಿದೆ ಎಂದರ್ಥ. ಸೂತಕದ ಗುರುತು ಧರಿಸುವುದಕ್ಕೆ 'ದಾಯ್ ಹಾವ್' ಎನ್ನುತ್ತಾರೆ. ಉಂಗುರಕ್ಕೆ ಬಳಸುವ ಅದೇ ದಾಯ್.