ಸಮುದ್ರಕ್ಕೆ ತೈಲ ಚೆಲ್ಲಿದರೆ ಬಿಲ್ ಯಾರ ಹೆಸರಿಗೆ?

ಪ್ರಶ್ನೆ: ಸಮುದ್ರದಲ್ಲಿ ತೈಲ ಸೋರಿದಾಗಲೆಲ್ಲ ‘ಖರ್ಚೆಲ್ಲ ಕಂಪನಿಯದ್ದೇ’ ಅನ್ನುತ್ತಾರೆ. ನಿಜವಾಗಿಯೂ ಕಂಪನಿ ಕೊಡುತ್ತದಾ, ಇಲ್ಲಾ ಕೊನೆಗೆ ಜನರ ತೆರಿಗೆ ದುಡ್ಡೇ ಹೋಗುತ್ತದಾ?

ಉತ್ತರ: ಕೊಡುತ್ತದೆ. ಎಷ್ಟು ಕೊಡುತ್ತದೆ, ಯಾವಾಗ ಕೊಡುತ್ತದೆ ಅನ್ನುವುದರಲ್ಲೇ ಇರುವುದು ಗುಟ್ಟು. ಮೊದಲು ನೋಡಬೇಕಾದ್ದು, ತೈಲ ಬಂದದ್ದು ಹಡಗಿನಿಂದಲೋ ಅಥವಾ ಸಮುದ್ರದ ತಳದಲ್ಲಿ ಕೊರೆದ ಬಾವಿಯಿಂದಲೋ ಎಂದು. ಎರಡರ ಲೆಕ್ಕವೂ ಬೇರೆ ಬೇರೆ.

ಹಡಗಿನ ಲೆಕ್ಕ ಸ್ವಲ್ಪ ಸಲೀಸು. ಮೊದಲೇನೂ ಹಾಗಿರಲಿಲ್ಲ. 1967ರಲ್ಲಿ ಟೋರಿ ಕ್ಯಾನ್ಯನ್ ಎಂಬ ಟ್ಯಾಂಕರ್ ಇಂಗ್ಲೆಂಡಿನ ಕಾರ್ನ್‌ವಾಲ್ ಹತ್ತಿರ ಬಂಡೆಗೆ ಬಡಿಯಿತು. ಬಾವುಟ ಲೈಬೀರಿಯಾದ್ದು, ಮಾಲೀಕ ಕಂಪನಿ ಬರ್ಮುಡಾದ್ದು. ಯಾರ ಕೊರಳಪಟ್ಟಿ ಹಿಡಿಯಬೇಕು ಹೇಳಿ? ಅದೇ ಮಾಲೀಕರ ಇನ್ನೊಂದು ಹಡಗು ಸಿಂಗಪುರಕ್ಕೆ ಬರುವವರೆಗೆ ಬ್ರಿಟನ್ ಕಾಯಬೇಕಾಯಿತು. ಬಂದ ತಕ್ಷಣ ಅದನ್ನು ಜಪ್ತಿ ಮಾಡಿತು.

ಈ ಪೇಚಾಟದಿಂದಲೇ 1969ರ ಅಂತರರಾಷ್ಟ್ರೀಯ ಒಪ್ಪಂದ ಹುಟ್ಟಿತು. ಈಗ ನಡೆಯುವುದು ಅದರ 1992ರ ರೂಪ. ತಪ್ಪು ಯಾರದ್ದು ಎಂದು ಸಾಬೀತು ಮಾಡುವ ಗೋಜೇ ಇಲ್ಲ, ಹಡಗಿನ ಮಾಲೀಕನೇ ಹೊಣೆ. ಯುದ್ಧದಂಥ ಕೆಲವು ಸಂದರ್ಭಕ್ಕೆ ಮಾತ್ರ ವಿನಾಯಿತಿ. 2,000 ಟನ್‌ಗಿಂತ ಜಾಸ್ತಿ ತೈಲ ಸಾಗಿಸುವ ಹಡಗಿಗೆ ವಿಮೆ ಕಡ್ಡಾಯ. ಆದರೆ ಮಾಲೀಕನ ಹೊಣೆಗೊಂದು ಗೆರೆ ಇದೆ. ಎಷ್ಟೇ ದೊಡ್ಡ ಹಡಗಾದರೂ ಸಾಮಾನ್ಯವಾಗಿ 8.977 ಕೋಟಿ ಎಸ್‌ಡಿಆರ್‌ಗೆ ಮುಗಿಯಿತು. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಲೆಕ್ಕಕ್ಕೆ ಬಳಸುವ ಕರೆನ್ಸಿ ಘಟಕ.

ಅದೂ ಸಾಲದಿದ್ದರೆ? ಆಗ ಲಂಡನ್ನಿನಲ್ಲಿರುವ ಒಂದು ನಿಧಿ ಕೈಹಿಡಿಯುತ್ತದೆ. ಮಾಲೀಕನ ಪಾಲೂ ಸೇರಿ ಒಟ್ಟು 20.3 ಕೋಟಿ ಎಸ್‌ಡಿಆರ್‌ವರೆಗೆ. ನನಗೆ ತುಂಬಾ ಹಿಡಿಸುವುದು ಇದಕ್ಕೆ ದುಡ್ಡು ಹಾಕುವವರು ಯಾರು ಅನ್ನುವುದು. ಸದಸ್ಯ ದೇಶಗಳಲ್ಲಿ ವರ್ಷಕ್ಕೆ 1,50,000 ಟನ್‌ಗಿಂತ ಹೆಚ್ಚು ತೈಲವನ್ನು ಸಮುದ್ರದ ಮೇಲೆ ತರಿಸಿಕೊಳ್ಳುವವರು, ಅಂದರೆ ಬಹುತೇಕ ರಿಫೈನರಿಗಳು. ಯಾರದ್ದೋ ಹಡಗು ಮುಳುಗಿದರೆ ಇನ್ಯಾರೋ ಚೀಟಿ ಕಟ್ಟಬೇಕು! ಅಮೆರಿಕ ಇದಕ್ಕೆ ಸೇರಿಲ್ಲ, ಅವರದ್ದು ಬೇರೆಯೇ ಕಾನೂನು.

ಬಾವಿಗೆ ಇಂಥ ಯಾವ ಜಾಗತಿಕ ಒಪ್ಪಂದವೂ ಇಲ್ಲ. ಆಯಾ ದೇಶದ ಕಾನೂನು ಏನು ಹೇಳುತ್ತದೋ ಅದೇ. ಅಮೆರಿಕ 1989ರ ಎಕ್ಸಾನ್ ವಾಲ್ಡೀಸ್ ಎಂಬ ಟ್ಯಾಂಕರ್‌ನ ಅಪಘಾತ ನೋಡಿ 1990ರಲ್ಲಿ ಕಾನೂನು ಮಾಡಿತು. ಸಮುದ್ರದ ಬಾವಿಯಾದರೆ ಸ್ವಚ್ಛ ಮಾಡುವ ಖರ್ಚಿಗೆ ಮಿತಿ ಇಲ್ಲ, ಪೂರ್ತಿ ಕಂಪನಿಯದ್ದು. ಮೀನುಗಾರರ, ಹೋಟೆಲಿನವರ ನಷ್ಟಕ್ಕೆ ಮಾತ್ರ 7.5 ಕೋಟಿ ಡಾಲರ್ ಮಿತಿ ಇಟ್ಟಿತು. ಭಾರಿ ನಿರ್ಲಕ್ಷ್ಯ ಸಾಬೀತಾದರೆ ಆ ಮಿತಿಯೂ ಇಲ್ಲ.

2010ರಲ್ಲಿ ಅಮೆರಿಕದ ಕಡಲಿನಲ್ಲಿ ಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ಎಂಬ ರಿಗ್ ಸ್ಫೋಟಿಸಿತು. 11 ಜನ ಸತ್ತರು, 87 ದಿನ ತೈಲ ಸೋರಿತು. ಬಾವಿ ನಡೆಸುತ್ತಿದ್ದದ್ದು ಬ್ರಿಟನ್ನಿನ ತೈಲ ಕಂಪನಿ ಬಿಪಿ, ರಿಗ್ ಟ್ರಾನ್ಸ್‌ಓಷನ್‌ನದ್ದು, ಸಿಮೆಂಟ್ ಕೆಲಸ ಹ್ಯಾಲಿಬರ್ಟನ್‌ನದ್ದು. ಮೂವರೂ ಒಬ್ಬರ ಮೇಲೊಬ್ಬರು ಬೆರಳು ತೋರಿಸಿದರು. ಆ 7.5 ಕೋಟಿ ಡಾಲರ್ ಮಿತಿ ತನಗೆ ಬೇಡ ಎಂದು ಬಿಪಿ ಬಿಟ್ಟುಕೊಟ್ಟಿತು, ಅದರ ಒಟ್ಟು ಖರ್ಚು 6,500 ಕೋಟಿ ಡಾಲರ್ ದಾಟಿತು.

ತೆರಿಗೆಯ ಬಗ್ಗೆ ಕೇಳಿದ್ದಿರಲ್ವಾ, ಅದು ಇಲ್ಲಿದೆ. ಅಮೆರಿಕ ಸರ್ಕಾರದ ಜೊತೆ ಬಿಪಿ ಮಾಡಿಕೊಂಡ 2,080 ಕೋಟಿ ಡಾಲರ್ ರಾಜಿಯಲ್ಲಿ ಸುಮಾರು 550 ಕೋಟಿ ಮಾತ್ರ ಜಲಮಾಲಿನ್ಯಕ್ಕೆ ಹಾಕಿದ ದಂಡ. ಉಳಿದದ್ದರಲ್ಲಿ ಬಹುಪಾಲನ್ನು ವ್ಯವಹಾರದ ಖರ್ಚು ಎಂದು ತೋರಿಸಿ ತೆರಿಗೆ ಉಳಿಸಿಕೊಳ್ಳುವ ದಾರಿ ಇತ್ತು. ಅಂದರೆ ಒಂದು ಪಾಲು ಸುಮ್ನೆ ಹಿಂಬಾಗಿಲಿನಿಂದ ಜನರ ತಲೆಗೇ ಬಂತು.

ಸಮಯದ ಲೆಕ್ಕ ಇನ್ನೊಂದು. 2009ರಲ್ಲಿ ಆಸ್ಟ್ರೇಲಿಯಾದ ಕಡಲಿನ ಮೊಂಟಾರಾ ಬಾವಿ ಸೋರಿ, ತೈಲ ಇಂಡೋನೇಷ್ಯಾದ ಕಡೆ ಹೋಯಿತು. ಅಲ್ಲಿ ಸಾವಿರಾರು ಜನ ಕಡಲಕಳೆ ಬೆಳೆದು ಬದುಕುತ್ತಿದ್ದರು. ಹಡಗಾಗಿದ್ದರೆ ಕೇಳಲು ಒಂದು ನಿಧಿಯಾದರೂ ಇರುತ್ತಿತ್ತೇನೋ. ಇದು ಬಾವಿ. ಅವರು ಪಕ್ಕದ ದೇಶದ ಕೋರ್ಟಿಗೆ ಹೋಗಬೇಕಾಯಿತು. 19.25 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ರಾಜಿಯಾದದ್ದು 2022ರಲ್ಲಿ.