ಕೆಲಸ ಬಿಡಬಹುದು, ಜೊತೆಗಾರರನ್ನು ಕರೆಯಬಾರದು: ಒಂದು ಷರತ್ತು ಬಂದ ದಾರಿ

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವರಿಗೆ ಆಫರ್ ಲೆಟರ್‌ನ ಸಂಬಳದ ಪುಟ ಬಾಯಿಪಾಠವಾಗಿರುತ್ತದೆ. ಅದರ ಹಿಂದಿನ ಪುಟಗಳಲ್ಲೆಲ್ಲೋ ಇನ್ನೊಂದು ಸಾಲಿರುತ್ತದೆ: ಕೆಲಸ ಬಿಟ್ಟ ಮೇಲೆ ಒಂದೋ ಎರಡೋ ವರ್ಷ ಕಂಪನಿಯ ನೌಕರರನ್ನಾಗಲಿ, ಗ್ರಾಹಕರನ್ನಾಗಲಿ ‘ನೇರವಾಗಿ ಅಥವಾ ಪರೋಕ್ಷವಾಗಿ’ ಸೆಳೆಯುವಂತಿಲ್ಲ. ಇದೇ ನಾನ್-ಸಾಲಿಸಿಟೇಶನ್ ಷರತ್ತು. ಓದದೆ ಸಹಿ ಹಾಕುವವರೇ ಹೆಚ್ಚು. ಅವರನ್ನು ದೂರಿ ಫಲವಿಲ್ಲ; ಆ ಹೊತ್ತಿನಲ್ಲಿ ‘ಇದೊಂದನ್ನು ತೆಗೆಯಿರಿ’ ಎಂದು ಎಚ್‌ಆರ್ ಮುಂದೆ ಹೇಳುವ ಬಲ ಯಾರಿಗಿರುತ್ತದೆ?

ಈ ಸಾಲಿನ ಬೇರು 1872ರ ಭಾರತೀಯ ಕರಾರು ಕಾಯ್ದೆಯಲ್ಲಿದೆ. ನ್ಯಾಯಬದ್ಧ ವೃತ್ತಿ, ವ್ಯಾಪಾರಕ್ಕೆ ಅಡ್ಡಿ ಮಾಡುವ ಕರಾರು ಆ ಮಟ್ಟಿಗೆ ಅನೂರ್ಜಿತ ಎನ್ನುತ್ತದೆ ಅದರ 27ನೇ ಸೆಕ್ಷನ್. ಎರಡೇ ವರ್ಷದಲ್ಲಿ ಅದಕ್ಕೆ ಪರೀಕ್ಷೆ ಬಂತು. ಕಲ್ಕತ್ತಾದ ಒಂದೇ ಕೇರಿಯಲ್ಲಿ ಹಿತ್ತಾಳೆ ಸಾಮಾನಿನ ಇಬ್ಬರು ವ್ಯಾಪಾರಿಗಳು. ನೀನು ಇಲ್ಲಿ ಅಂಗಡಿ ಮುಚ್ಚು, ಕೆಲಸಗಾರರಿಗೆ ನೀನು ಕೊಟ್ಟಿರುವ ಮುಂಗಡ 900 ರೂಪಾಯಿ ನಾನು ತುಂಬಿಕೊಡುತ್ತೇನೆ ಎಂದು ಒಬ್ಬನ ಮಾತು. ಇನ್ನೊಬ್ಬ ಮುಚ್ಚಿದ; ಹಣ ಬರಲಿಲ್ಲ. 1874ರಲ್ಲಿ ಹೈಕೋರ್ಟ್ ಅಂಗಡಿ ಮುಚ್ಚಿದವನ ಕೈಹಿಡಿಯಲಿಲ್ಲ: ಒಂದು ಕೇರಿಯ ಮಟ್ಟಿಗಿನ ಅಡ್ಡಿಯೂ ಅಡ್ಡಿಯೇ, ಹಾಗಾಗಿ ಕರಾರೇ ನಿಲ್ಲದು. ಇಂಗ್ಲೆಂಡಿನ ಕೋರ್ಟುಗಳು ‘ಸಮಂಜಸ’ವಾದ ನಿರ್ಬಂಧವನ್ನು ಒಪ್ಪುತ್ತಿದ್ದ ಕಾಲವದು. ನಮ್ಮ ಕಾಯ್ದೆ ಅವರಿಗಿಂತ ಬಿಗಿ.

ಕೆಲಸದಲ್ಲಿರುವಾಗ ಹಾಕುವ ಕಟ್ಟು ಬೇರೆ, ಬಿಟ್ಟ ಮೇಲಿನದು ಬೇರೆ ಎಂಬ ಗೆರೆಯನ್ನು ಮುಂದೆ ಸುಪ್ರೀಂ ಕೋರ್ಟ್ ಗಟ್ಟಿ ಮಾಡಿತು. 1967ರ ಸೆಂಚುರಿ ಸ್ಪಿನ್ನಿಂಗ್ ಪ್ರಕರಣದಲ್ಲಿ ಕರಾರಿನ ಅವಧಿಯೊಳಗೇ ಪ್ರತಿಸ್ಪರ್ಧಿಯ ಬಳಿ ಹೋದ ನೌಕರನನ್ನು ತಡೆದದ್ದು ಸರಿ ಎಂದಿತು. 1980ರ ಸೂಪರಿಂಟೆಂಡೆನ್ಸ್ ಕಂಪನಿ ಪ್ರಕರಣದಲ್ಲಿ ಕೆಲಸ ಹೋದ ಮೇಲೂ ಎರಡು ವರ್ಷ ತಡೆಯಲು ಹೊರಟ ಕಂಪನಿಗೆ ಜಯ ಸಿಗಲಿಲ್ಲ.

ಹೋಗುವವನನ್ನು ಹಿಡಿದಿಡಲು ಆಗುವುದಿಲ್ಲ ಎಂದಾದಾಗ, ಹೋದವನು ಇತರರನ್ನು ಕರೆಯದಂತೆ ನೋಡಿಕೊಳ್ಳುವ ಷರತ್ತಿಗೆ ತೂಕ ಬಂತು. 2006ರಲ್ಲಿ ದೆಹಲಿ ಹೈಕೋರ್ಟಿಗೆ ಹೋದದ್ದು ಬೆಂಗಳೂರಿನ ವಿಪ್ರೊ. ವೈದ್ಯಕೀಯ ಉಪಕರಣ ತಯಾರಿಸುವ ಬೆಕ್‌ಮನ್ ಕೌಲ್ಟರ್‌ಗೆ 17 ವರ್ಷ ವಿತರಕನಾಗಿತ್ತು ಅದು. ಒಬ್ಬರ ನೌಕರರನ್ನು ಇನ್ನೊಬ್ಬರು ಸೆಳೆಯುವಂತಿಲ್ಲ ಎಂಬ ಷರತ್ತು ಎರಡೂ ಕಂಪನಿಗಳ ಕರಾರಿನಲ್ಲಿತ್ತು. ಸಂಬಂಧ ಮುರಿದಾಗ ಬೆಕ್‌ಮನ್ ಕೆಲಸದ ಜಾಹೀರಾತು ಕೊಟ್ಟಿತು. ಆ ಉಪಕರಣ ಬಲ್ಲವರು ಹೆಚ್ಚಾಗಿ ವಿಪ್ರೊದವರೇ. ಇದು ಸೆಳೆಯುವುದೇ ಹೌದು, ಷರತ್ತೂ ಊರ್ಜಿತ ಎಂದಿತು ಕೋರ್ಟ್. ಆದರೆ ಆ ಕರಾರಿಗೆ ಸಹಿ ಹಾಕದ ನೌಕರರನ್ನು ಅದು ಕಟ್ಟಿಹಾಕಲಿಲ್ಲ. 2009ರ ಡೆಸಿಕೆಂಟ್ ರೋಟರ್ಸ್ ಪ್ರಕರಣದಲ್ಲೂ ಹಾಗೇ: ಪ್ರತಿಸ್ಪರ್ಧಿಯ ಬಳಿ ದುಡಿಯಲು ಅಡ್ಡಿಯಿಲ್ಲ, ಹಳೆಯ ಕಂಪನಿಯ ಗ್ರಾಹಕರನ್ನೂ ಪೂರೈಕೆದಾರರನ್ನೂ ಸೆಳೆಯುವಂತಿಲ್ಲ.

ನಮ್ಮ 27ನೇ ಸೆಕ್ಷನ್‌ಗೆ ಮಾದರಿಯಾದದ್ದು ನ್ಯೂಯಾರ್ಕಿನ ವಕೀಲ ಡೇವಿಡ್ ಡಡ್ಲಿ ಫೀಲ್ಡ್ ಸಿದ್ಧಪಡಿಸಿದ ಕಾನೂನು ಸಂಹಿತೆಯ ಕರಡು. ಅದೇ ಕರಡಿನಿಂದ, ಅದೇ 1872ರಲ್ಲಿ, ಕ್ಯಾಲಿಫೋರ್ನಿಯಾವೂ ಈ ನಿಯಮವನ್ನು ಎತ್ತಿಕೊಂಡಿತು. ಬೆಂಗಳೂರಿಗೂ ಸಿಲಿಕಾನ್ ವ್ಯಾಲಿಗೂ ಈ ವಿಷಯದಲ್ಲಿ ತಾಯಿಬೇರು ಒಂದೇ. ಕವಲು ಮಾತ್ರ ಬೇರೆಯಾಯಿತು. 2018ರಲ್ಲಿ ನರ್ಸ್‌ಗಳನ್ನು ನೇಮಿಸುವ ಏಜೆನ್ಸಿಯ ನೌಕರರ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್, ಹಳೆಯ ಸಂಸ್ಥೆಯವರನ್ನು ಕರೆಯಬಾರದೆಂಬ ಷರತ್ತನ್ನೇ ತಳ್ಳಿಹಾಕಿತು. ಜನರನ್ನು ಕೆಲಸಕ್ಕೆ ಕರೆಯುವುದೇ ಅವರ ವೃತ್ತಿಯಾಗಿತ್ತು.

ಗ್ರಾಹಕರ ವಿಷಯದಲ್ಲಿ ಕಂಪನಿಯ ಆತಂಕ ನನಗೆ ಅರ್ಥವಾಗುತ್ತದೆ. ಆ ನಂಟನ್ನು ಅದು ಹಣ, ಕಾಲ ಸುರಿದು ಬೆಳೆಸಿರುತ್ತದೆ. ಸಹೋದ್ಯೋಗಿಗಳನ್ನು ಅದೇ ತಕ್ಕಡಿಗೆ ಹಾಕುವುದನ್ನು ಒಪ್ಪಲಾರೆ. ಅವರು ಯಾರ ಆಸ್ತಿಯೂ ಅಲ್ಲ.

ಇಷ್ಟಕ್ಕೂ ಸೆಳೆಯುವುದು ಎಂದರೇನು? ಕೆಲಸ ಬಿಟ್ಟವನೊಬ್ಬನಿಗೆ ಹಳೆಯ ಟೀಮಿನ ಗೆಳತಿ ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್ ಮಾಡುತ್ತಾಳೆ: ‘ನಿಮ್ಮಲ್ಲಿ ಓಪನಿಂಗ್ ಇದೆಯಾ?’ ಇವನು ಲಿಂಕ್ ಕಳಿಸುತ್ತಾನೆ. ಅದಕ್ಕೆ ಮೊದಲೇ ಇವನೇ ‘ಬಂದುಬಿಡು, ರೆಫರ್ ಮಾಡ್ತೀನಿ’ ಎಂದಿದ್ದರೆ ಕತೆ ಬೇರೆ. ಸೆಳೆದದ್ದು ಹೌದೋ ಅಲ್ಲವೋ ಎಂಬುದು ಆಯಾ ಪ್ರಕರಣದ ಸಂಗತಿಗಳ ಮೇಲೆ ತೀರ್ಮಾನವಾಗಬೇಕಾದದ್ದು ಎಂದು 2013ರ ಎಫ್‌ಎಲ್ ಸ್ಮಿತ್ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದೆ. ಹಾಗಾಗಿ ಮೊದಲ ಮೆಸೇಜ್ ಯಾರದು ಎಂಬುದು ಸಣ್ಣ ವಿಷಯವಲ್ಲ. ಆ ಚಾಟ್ ಅಳಿಸಬೇಡಿ.